ಹೊಂಗೆಯ ಪಕ್ಷದಲ್ಲಿ ಕೆಲವು ಮಾತು

ತುಮಕೂರು ಹೆದ್ದಾರಿಯ ಬದಿಯ ಅರಿಶಿನಕುಂಟೆಯಂತಹ ಊರುಗಳಲ್ಲಿ ರಾಗಿಯ ಹೊಲಗಳು 30×40 ಅಡಿಯ ನಿವೇಶನಗಳಾಗಿ ಹಂಚಿಹೋದ ಮೇಲೆ, ಗೃಹಪ್ರವೇಶದ ಮಾರನೆಯ ಬೇಸಿಗೆಯಲ್ಲಿಯೇ ಪಡುವಣ ಗೋಡೆಯು ಅರ್ಧರಾತ್ರಿಯವರೆಗೂ ಕಾವು ಕಾರುವುದನ್ನು ಅನುಭವಿಸಿದ ಗೃಹಸ್ಥನು ನರ್ಸರಿಗೆ ಹೋಗಿ ಕೇಳುವ ಪ್ರಶ್ನೆ ಒಂದೇ: ಬೇಗ ಬೆಳೆಯುವ ಮರ ಯಾವುದು? ಪ್ರಶ್ನೆ ಸಹಜವಾದುದೇ. ಆದರೆ ಆ ಮರವು ಯಾವ ತಿಂಗಳಲ್ಲಿ ನೆರಳೀಯುವುದು, ಎಷ್ಟು ನೀರನ್ನು ಬೇಡುವುದು, ಗಾಳಿಗೆ ಮುರಿದರೆ ಯಾರ ಮಾಡಿನ ಮೇಲೆ ಬೀಳುವುದು ಎಂಬುದನ್ನೂ ಜೊತೆಯಲ್ಲಿಯೇ ಕೇಳದಿದ್ದರೆ ಅದು ಅರ್ಧ ಪ್ರಶ್ನೆಯಾಗಿಯೇ ಉಳಿಯುತ್ತದೆ.

ಶೀಘ್ರವೃದ್ಧಿಯ ವ್ಯಾಮೋಹ ಬೆಂಗಳೂರಿನ ಸುತ್ತಣ ಈ ಸೀಮೆಗೆ ಹೊಸದಲ್ಲ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಮಳೆಯಾಶ್ರಿತ ಹೊಲಗಳಲ್ಲಿ ಉಳುವ ಆಳು ಸಿಗದೆ ನೀಲಗಿರಿಯನ್ನು ನೆಟ್ಟ ಕಾಲವೊಂದಿತ್ತು. ಅಂತರ್ಜಲದ ಚಿಂತೆ ಬಲವಾದ ಬಳಿಕ 2017ರಲ್ಲಿ ಸರಕಾರವೇ ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಬೇಕಾಯಿತು. ಈಚೆಗೆ ನರ್ಸರಿಗಳು ಹೊಗಳಿ ಮಾರುವ ಕೋನೋಕಾರ್ಪಸ್ ಎಂಬ ಮರದ ವಿಷಯದಲ್ಲಿ ಗುಜರಾತು 2023ರಲ್ಲಿ ಅದೇ ನಿರ್ಧಾರಕ್ಕೆ ಬಂದಿದೆ.

ಬೆಂಗಳೂರನ್ನು ನೋಡಿ ಆಸೆಪಟ್ಟು ಗುಲ್‌ಮೊಹರನ್ನೋ ಮಳೆಮರವನ್ನೋ ತರುವವರು ಇನ್ನು ಕೆಲವರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಉದ್ಯಾನತಜ್ಞ ಕ್ರುಂಬಿಗಲ್ ಮಹಾಶಯರು ನಗರಕ್ಕೆ ಕೊಟ್ಟ ಪುಷ್ಪವೃಕ್ಷಗಳ ವೈಭವವನ್ನು ಅಲ್ಲಗಳೆಯುವವನು ನಾನಲ್ಲ. ಅವು ವಿಶಾಲವಾದ ಬೀದಿಗಳಿಗೂ ಉದ್ಯಾನಗಳಿಗೂ ತಕ್ಕವು. ಗುಲ್‌ಮೊಹರಿನ ಬೇರು ಮೇಲುಮೇಲಕ್ಕೇ ಹರಡುವಂಥದು, ಮರ ಮೆದು; ಅದಕ್ಕಿಂತ ಮುಖ್ಯವಾಗಿ, ನೆರಳು ಅತ್ಯವಶ್ಯವಾದ ಚೈತ್ರದ ಬಿಸಿಲಿನಲ್ಲಿ ಅದು ಎಲೆಯುದುರಿಸಿ ಬರಿಗೊಂಬೆಯಾಗಿ ನಿಲ್ಲುತ್ತದೆ. ಬಡಾವಣೆಗಳ ಹೆಬ್ಬಾಗಿಲಿನಲ್ಲಿ ಸಾಲಾಗಿ ನಿಂತ, ಅಶೋಕವೆಂದು ಹೆಸರಿಟ್ಟುಕೊಂಡ ಆ ನೀಳವಾದ ಮರದ ವಿಚಾರವನ್ನಂತೂ ಹೇಳದಿರುವುದೇ ಲೇಸು: ಮಡಚಿಟ್ಟ ಕೊಡೆಯ ಕೆಳಗೆ ನಿಂತು ನೆರಳನ್ನು ಹುಡುಕಿದಂತೆ.

ನನ್ನ ಮತ ಹೊಂಗೆಗೆ. ನಮ್ಮ ಹೊಲದ ಬದುಗಳಲ್ಲಿ ಯಾರೂ ನೀರೆರೆಯದೆ ಬೆಳೆದು ನಿಂತಿದ್ದುದರಿಂದಲೇ ಅದನ್ನು ನಾವು ಅಗ್ಗವೆಂದು ಎಣಿಸಿದೆವೋ ಏನೋ. ಈ ಕೆಮ್ಮಣ್ಣಿನಲ್ಲಿ ತಾಯಿಬೇರನ್ನು ಆಳಕ್ಕಿಳಿಸಿ ಬರವನ್ನು ಸಹಿಸುವ ಈ ವೃಕ್ಷವು ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದುದಾದುದರಿಂದ ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ಅದರ ಸೊಪ್ಪು ಗದ್ದೆಗೆ ಗೊಬ್ಬರವಾಗಿ, ಚಪ್ಪರಕ್ಕೆ ಹೊದಿಕೆಯಾಗಿ, ಬೀಜದ ಎಣ್ಣೆ ದೀಪಕ್ಕಾಗಿ, ಹಿಂಡಿ ತೋಟಕ್ಕಾಗಿ ಒದಗುತ್ತ ಬಂದಿದೆ. ಅದರ ಪಂಚಾಂಗವೂ ಮೆಚ್ಚತಕ್ಕದ್ದು: ಮಾಘ ಫಾಲ್ಗುಣಗಳಲ್ಲಿ ಹಳೆಯ ಎಲೆಯನ್ನು ಕಳಚಿ, ಯುಗಾದಿಯ ಆಸುಪಾಸಿಗೆ ಹೊಳೆಯುವ ಹೊಸ ತಳಿರನ್ನು ತಳೆದು, ಬಿಸಿಲು ತನ್ನ ಪೂರ್ಣಬಲಕ್ಕೆ ಬರುವ ವೇಳೆಗೆ ದಟ್ಟವಾದ ಚಾವಣಿಯನ್ನು ಸಿದ್ಧವಾಗಿರಿಸುತ್ತದೆ. ಹೂವು ಅಂಗಳದ ತುಂಬ ಉದುರುತ್ತದೆ, ಗುಡಿಸಬೇಕಾಗುತ್ತದೆ, ಜೇನು ಬರುತ್ತದೆ, ಎಲೆಯ ಮೇಲೆ ಹುಳುವಿನ ಗೀರುಗಳೂ ಗಂಟುಗಳೂ ಕಾಣುತ್ತವೆ. ಇವು ದೋಷಗಳೆನ್ನುವವರೊಡನೆ ನನಗೆ ವಾದವಿಲ್ಲ, ಅವರು ತಗಡಿನ ಮಾಡು ಹಾಕಿಸಿಕೊಳ್ಳಲಿ.

ಹೊಂಗೆಯ ನೆರಳಿಗೆ ನಾಲ್ಕೈದು ವರ್ಷ ಕಾಯಬೇಕಲ್ಲ ಎಂಬ ಆಕ್ಷೇಪ ಮಾತ್ರ ನ್ಯಾಯವಾದುದು. ಅದಕ್ಕೊಂದು ಉಪಾಯವುಂಟು. ಗಸಗಸೆ ಹಣ್ಣಿನ ಮರವೆಂದು ಮಕ್ಕಳೆಲ್ಲ ಬಲ್ಲ, ಅಮೆರಿಕದ ಉಷ್ಣವಲಯದಿಂದ ಬಂದ ಸಣ್ಣ ಮರವನ್ನು ಹೊಂಗೆಯಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ ನೆಟ್ಟರೆ, ಅದು ಎರಡು ಮೂರು ವರ್ಷಗಳಲ್ಲಿಯೇ ಕೊಂಬೆಗಳನ್ನು ಅಡ್ಡಡ್ಡಲಾಗಿ ಹರಡಿ, ಅಳಿಲು ಹಕ್ಕಿಗಳಿಗೂ ಬೀದಿಯ ಹುಡುಗರಿಗೂ ಕೆಂಪು ಹಣ್ಣುಗಳನ್ನು ಕೊಡುತ್ತ ತಾತ್ಕಾಲಿಕವಾದ ನೆರಳನ್ನು ಒದಗಿಸುತ್ತದೆ. ಅದು ದೀರ್ಘಾಯುವಲ್ಲ, ಬಿರುಗಾಳಿಯನ್ನು ತಾಳುವ ಗಟ್ಟಿ ಮರವೂ ಅಲ್ಲ. ಹೊಂಗೆಯು ತಲೆಯೆತ್ತಿದಂತೆ ಅದನ್ನು ಸವರುತ್ತ ಬಂದು ಕಡೆಗೆ ತೆಗೆದುಬಿಡಬಹುದು.

ಮೃಗಶಿರ, ಆರಿದ್ರಾ ಮಳೆಗಳ ನಡುವೆ, ಎರಡಡಿಯ ಗುಂಡಿಯಲ್ಲಿ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಹಾಕಿ, ಮನೆಯ ಪಡುವಣಕ್ಕೆ, ಗೋಡೆಯಿಂದಲೂ ಸಂಪಿನಿಂದಲೂ ಕನಿಷ್ಠ ಹತ್ತಡಿ ಬಿಟ್ಟು, ವಿದ್ಯುತ್ ತಂತಿಯನ್ನು ತಪ್ಪಿಸಿ ಹೊಂಗೆಯನ್ನು ನೆಡತಕ್ಕದ್ದು. 30×40ರಲ್ಲಿ ಅಷ್ಟು ಅಂಗಳವೆಲ್ಲಿ ಎಂದು ಓದುಗರು ನಗಬಹುದು. ನಿಜ, ನಿವೇಶನದ ಅಂಚಿನಿಂದ ಅಂಚಿಗೆ ಕಟ್ಟಿ, ಉಳಿದ ಗೇಣು ನೆಲಕ್ಕೂ ಸಿಮೆಂಟು ಬಳಿದವನಿಗೆ ಯಾವ ವೃಕ್ಷವೂ ಒದಗಲಾರದು. ಅಂಥವರ ಪಾಲಿಗೆ ಉಳಿದಿರುವುದು ರಸ್ತೆಯ ಅಂಚೊಂದೇ. ಆದುದರಿಂದ ಬಡಾವಣೆಗೆ ಒಪ್ಪಿಗೆಯನ್ನು ಕೊಡುವ ಅಧಿಕಾರಿಗಳು ಚರಂಡಿಗೂ ಕಾಂಪೌಂಡಿಗೂ ನಡುವೆ ಮೂರಡಿ ಬರಿಮಣ್ಣನ್ನು ನಕ್ಷೆಯಲ್ಲಿಯೇ ಗುರುತಿಸಿ, ಅದರ ಮೇಲೆ ಕಲ್ಲುಹಾಸು ಹಾಕದಂತೆ ನಿರ್ಬಂಧಿಸಬೇಕು.