ಪಂಜರದ ತೋಳ, ಬಯಲಿನ ತೋಳ

ಶೈಕ್ಷಣಿಕ ಪ್ರವಾಸದ ನೆಪದಲ್ಲಿ ಮೈಸೂರಿಗೆ ಹೋಗುವ ನಮ್ಮ ಭಾಗದ ವಿದ್ಯಾರ್ಥಿಗಳು, 1892ರಲ್ಲಿ ಸ್ಥಾಪಿತವಾದ ಅಲ್ಲಿನ ಮೃಗಾಲಯದಲ್ಲಿ ಜಿರಾಫೆ, ಗೊರಿಲ್ಲಾಗಳ ಮುಂದೆ ಮೈಮರೆತು ನಿಲ್ಲುತ್ತಾರೆ. ಅದೇ ಮೃಗಾಲಯದಲ್ಲಿ ಭಾರತೀಯ ತೋಳವೂ ಇದೆ. 'ನಾಯಿಯಂತಿದೆ' ಎಂದು ಅದನ್ನು ದಾಟಿ ಹೋಗುವವರೇ ಹೆಚ್ಚು. ಜತ್ತ ತಾಲ್ಲೂಕಿನವರು ಮೊದಲು ನಿಂತು ನೋಡಬೇಕಾದ ಪ್ರಾಣಿ ಅದೇ ಎಂಬುದು ನನ್ನ ವಾದ.

2022ರ ಗಣತಿಯಂತೆ ದೇಶದಲ್ಲಿರುವ ಹುಲಿಗಳು ಸುಮಾರು 3,682. ತೋಳಗಳ ಅಂದಾಜು ಸಂಖ್ಯೆಯೂ 3,000ದ ಆಸುಪಾಸಿನಲ್ಲಿಯೇ ಇದೆ. ಹುಲಿಗೆ ಅಭಯಾರಣ್ಯಗಳಿವೆ, ಪುಣ್ಯಕೋಟಿಯ ಕಥೆಯಲ್ಲಿ ಪಶ್ಚಾತ್ತಾಪದ ಘನತೆಯೂ ದೊರೆತಿದೆ. ತೋಳಕ್ಕೆ ನಮ್ಮ ಸಾಹಿತ್ಯ ಕೊಟ್ಟದ್ದು 'ತೋಳ ಬಂತು ತೋಳ' ಎಂಬ ಕೂಗನ್ನು ಮಾತ್ರ. ಅದರ ವಾಸವೂ ಬಹುಪಾಲು ಅಭಯಾರಣ್ಯಗಳ ಹೊರಗೆ: ಕುರಿ ಮೇಯುವ ಬಯಲುಗಳಲ್ಲಿ, ಹೊಲದ ಅಂಚುಗಳಲ್ಲಿ.

ಮೃಗಾಲಯದ ಪಂಜರವೇ ಒಂದು ಜೀವಿಯ ಕೊನೆಯ ನೆಲೆಯಾದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪವೇ ಸಾಕ್ಷಿ. ಅಲ್ಲಿ ಥೈಲಸೀನ್ ಎಂಬ ಪ್ರಾಣಿಯಿತ್ತು. ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುವ ಜಾತಿ. ನೋಡಲು ತೋಳ, ಬೆನ್ನ ಮೇಲೆ ಹುಲಿಯ ಪಟ್ಟೆ. ಅದು ಕುರಿ ಹಿಡಿಯುತ್ತದೆಂದು ದೂರಿದ ಕುರಿ ಸಾಕಣೆದಾರರ ಒತ್ತಾಯಕ್ಕೆ ಮಣಿದು ಸರ್ಕಾರ 1888ರಿಂದ 1909ರವರೆಗೆ ಅದರ ತಲೆಗೆ ಬಹುಮಾನ ನೀಡಿತು. ಹಾಗೆ ಬಹುಮಾನ ಪಾವತಿಯಾದದ್ದು ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳಿಗೆ. ಕೊನೆಗೆ 1936ರ ಜುಲೈ 10ರಂದು ಅದಕ್ಕೆ ಕಾನೂನಿನ ರಕ್ಷಣೆ ಬಂತು. ಅದೇ ವರ್ಷ ಸೆಪ್ಟೆಂಬರ್ 7ರಂದು, ಐವತ್ತೊಂಬತ್ತು ದಿನಗಳ ತರುವಾಯ, ಹೋಬಾರ್ಟ್ ನಗರದ ಮೃಗಾಲಯದಲ್ಲಿ ಉಳಿದಿದ್ದ ಒಂದೇ ಥೈಲಸೀನ್ ಸತ್ತಿತು. ಪಂಜರದೊಳಗೆ ಥೈಲಸೀನ್ ಅತ್ತಿಂದಿತ್ತ ನಡೆದಾಡುವ ಶಬ್ದವಿಲ್ಲದ ಚಲನಚಿತ್ರದ ತುಣುಕುಗಳನ್ನು ಇಂದು ಯಾರೂ ನೋಡಬಹುದು.

ನಮ್ಮದೂ ಕುರಿಯ ನಾಡು. ಮಾಡಗ್ಯಾಳದ ಕುರಿತಳಿ ಈ ತಾಲ್ಲೂಕಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ. ಒಂದೇ ರಾತ್ರಿ ದಡ್ಡಿಯಲ್ಲಿ ನಾಲ್ಕು ಮರಿಗಳನ್ನು ಕಳೆದುಕೊಂಡ ಕುರಿಗಾರನಿಗೆ 'ತೋಳ ಅಪರೂಪದ ಪ್ರಾಣಿ, ಸಹಿಸಿಕೊಳ್ಳಿರಿ' ಎಂದು ಉಪದೇಶಿಸುವುದು ನಾಚಿಕೆಗೇಡಿನ ಮಾತು. ಅವನ ನಷ್ಟವನ್ನು ಸಮಾಜ ಹಂಚಿಕೊಳ್ಳದಿದ್ದರೆ ವಿಷವಿಕ್ಕುವ ಕೈಯನ್ನು ಯಾವ ಕಾನೂನೂ ತಡೆಯಲಾರದು. ತೋಳ ಕೊಂದ ಕುರಿಗೆ ಮಹಾರಾಷ್ಟ್ರದ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯುವ ವ್ಯವಸ್ಥೆ ಇದೆ. ಅದಕ್ಕೆ ಕೂಡಲೇ ವರದಿ ಕೊಡಬೇಕು, ಪಂಚನಾಮೆಯಾಗಬೇಕು. ಕಾಗದಪತ್ರಗಳೆಲ್ಲ ಮರಾಠಿಯಲ್ಲಿ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ವೃದ್ಧ ಕುರಿಗಾರ 'ತೋಳ' ಎನ್ನುತ್ತಾನೆ. ಅರ್ಜಿಯಲ್ಲಿ 'ಲಾಂಡಗಾ' ಎಂದು ಬರೆಯಬೇಕು.

ಎರಡೂ ಭಾಷೆ ಬಲ್ಲ ನಮ್ಮ ವಿದ್ಯಾರ್ಥಿಗಳು ಆ ಎರಡು ಶಬ್ದಗಳ ನಡುವೆ ನಿಲ್ಲಬಲ್ಲರು. ಗಡಿಭಾಗದ ಕನ್ನಡವೆಂದರೆ ರಾಜ್ಯೋತ್ಸವದ ಭಾಷಣವಷ್ಟೇ ಎಂದು ಭಾವಿಸಿದವರಿಗೆ ಇದು ಸಣ್ಣ ಕೆಲಸವೆನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಮುಂದಿನ ಪ್ರವಾಸದಲ್ಲಿ ವಿಭಾಗದ ವಿದ್ಯಾರ್ಥಿಗಳು ಮೈಸೂರಿನ ತೋಳದ ಆವರಣದ ಮುಂದೆ ಅರ್ಧ ಗಂಟೆಯಾದರೂ ನಿಲ್ಲಲಿ. ಮರಳಿದ ಮೇಲೆ ತಮ್ಮ ತಮ್ಮ ಊರಿನ ಕುರಿದಡ್ಡಿಗಳಿಗೆ ಹೋಗಿ, ಅರ್ಜಿ ಬರೆದುಕೊಡಲು ಯಾರನ್ನು ಕರೆಯಬೇಕೆಂಬುದನ್ನು ಹಿರಿಯರಿಗೆ ತಿಳಿಸಿ ಬರಲಿ.