ಪರದೇಶದ ಮನೆ ಯಾರ ಹೆಸರಿನಲ್ಲಿ?

"ಹುಡುಗ ಅಮೆರಿಕದಲ್ಲಿದ್ದಾನೆ" ಎಂಬ ಒಂದು ಮಾತಿಗೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಹೆಣ್ಣು ಹೆತ್ತವರು ವಿವೇಕ ಕಳೆದುಕೊಳ್ಳುತ್ತಾರೆ. ಕಂಪ್ಲಿಯಲ್ಲಿ ಒಂದೆಕರೆ ಗದ್ದೆ ಕೊಳ್ಳುವಾಗ ಪಹಣಿ ನೋಡುತ್ತೇವೆ, ಕಾಲುವೆ ನೀರಿನ ಬಗ್ಗೆ ನಾಲ್ಕು ಜನರನ್ನು ಕೇಳುತ್ತೇವೆ. ಮಗಳು ಬಾಳಬೇಕಾದ ಮನೆಯ ಬಗ್ಗೆ ಮಾತ್ರ "ಎಷ್ಟು ರೂಮು?" ಎಂದು ಕೇಳಿ ಸುಮ್ಮನಾಗುತ್ತೇವೆ. ಆ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವವರಿಲ್ಲ.

ಎಚ್-1ಬಿ ವೀಸಾದ ಗಂಡನ ಹಿಂದೆ ಹೋಗುವ ಹೆಂಡತಿಗೆ ಸಿಗುವುದು ಎಚ್-4, ಅಂದರೆ ಅವಲಂಬಿತಳ ವೀಸಾ. 2015ರಿಂದ ಇವರಲ್ಲಿ ಕೆಲವರಿಗೆ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ, ದುಡಿಯುವ ಅನುಮತಿ ಉಂಟು, ಉಳಿದವರಿಗಿಲ್ಲ. ಅಲ್ಲಿ ಮನೆ ಬಾಡಿಗೆಗೆ ಕೊಡುವವರು ಸಂಬಳದ ಚೀಟಿ, ಸಾಲ ತೀರಿಸಿದ ದಾಖಲೆ ಕೇಳುತ್ತಾರೆ. ಎಂ.ಎಸ್ಸಿ. ಓದಿದ ಹುಡುಗಿಯ ಬಳಿಯೂ ಇವೆರಡೂ ಇರುವುದಿಲ್ಲ. ಕರಾರಿಗೆ ಗಂಡ ಸಹಿ ಹಾಕುತ್ತಾನೆ. ಅವಳು ಅಲ್ಲಿ ಬಾಡಿಗೆದಾರಳಲ್ಲ, ಬರೀ ವಾಸಿ. ಅವನು ಕೈಯೆತ್ತಿದ ರಾತ್ರಿ ಅವಳಿಗೆ ಬೇರೆ ಸೂರಿಲ್ಲ, ಸೂರು ಹಿಡಿಯಲು ಹಣವಿಲ್ಲ.

ಹಂಪಿಗೆ ಬರುವ ಪರದೇಶದವರ ಪಾಸ್‌ಪೋರ್ಟ್ ವಿವರವನ್ನು ವಸತಿಗೃಹದವರು ಬರೆದುಕೊಂಡು ಅವರ ಕೈಗೇ ಹಿಂತಿರುಗಿಸುತ್ತಾರೆ. ಒಂದು ರಾತ್ರಿಯ ಅತಿಥಿಗೆ ಇರುವ ಈ ಗೌರವ ಮನೆಯ ಸೊಸೆಗೆ ಬೇಡವೇ? ಪಾಸ್‌ಪೋರ್ಟು ಕಾನೂನಿನ ಪ್ರಕಾರ ಭಾರತ ಸರ್ಕಾರದ ಸ್ವತ್ತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು ಗಂಡನಿಗೆ ಅಧಿಕಾರ ಕೊಟ್ಟವರು ಯಾರು?

ಇದರ ಮೇಲೆ "ಅಲ್ಲಿ ಸಂಸಾರ ಹೂಡಲು" ಎಂದು ಬೀಗರು ಹಣ ಕೇಳುತ್ತಾರೆ. ವಿಮಾನದ ಟಿಕೆಟ್ಟು, ಮನೆಯ ಅಡ್ವಾನ್ಸು, ಕಾರು! ಹೆಸರು ಏನೇ ಇರಲಿ, ಮದುವೆಯ ಸಂಬಂಧವಾಗಿ ಕೇಳಿದ್ದು 1961ರ ಕಾಯಿದೆಯಂತೆ ವರದಕ್ಷಿಣೆಯೇ. ನಮ್ಮ ಹಣದಲ್ಲಿ ಹಿಡಿದ ಮನೆಯಲ್ಲೂ ನಮ್ಮ ಮಗಳ ಹೆಸರಿಲ್ಲವೆಂದರೆ ಇದಕ್ಕಿಂತ ದೊಡ್ಡ ಮೋಸ ಯಾವುದು?

"ಇಷ್ಟೆಲ್ಲ ಕೇಳಿದರೆ ಸಂಬಂಧ ಮುರಿಯುತ್ತದೆ" ಎನ್ನುವಿರಾ? ಕೇಳಿದ್ದಕ್ಕೇ ಮುರಿಯುವ ಸಂಬಂಧ ಮುರಿಯಲಿ. ಕರಾರಿನಲ್ಲಿ ಅವಳ ಹೆಸರು, ಅವಳದೇ ಬ್ಯಾಂಕ್ ಖಾತೆ, ಅವಳ ಕೈಯಲ್ಲೇ ಪಾಸ್‌ಪೋರ್ಟು: ಲಗ್ನಪತ್ರಿಕೆ ಅಚ್ಚಾಗುವ ಮುನ್ನ ಈ ಮೂರು ಮಾತು ಆಗಬೇಕು. ಅಮೆರಿಕದಲ್ಲಿ ಪೊಲೀಸರನ್ನು ಕರೆಯುವ 911 ಸಂಖ್ಯೆ ಅವಳಿಗೆ ಬಾಯಿಪಾಠವಾಗಿರಬೇಕು.

ಹಿಂದಿರುಗಿ ಬಂದವಳಿಗೂ ದಾರಿಯಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಅವಳು ತಾತ್ಕಾಲಿಕವಾಗಿ ವಾಸಿಸುವ ಊರಿನಲ್ಲೇ ಅರ್ಜಿ ಹಾಕಬಹುದು. ಆಶ್ರಯ ಪಡೆದ ಊರಿನಲ್ಲೇ ಕ್ರೌರ್ಯದ ದೂರನ್ನೂ ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅವಳು ಒಪ್ಪಿ ಹಾಜರಾಗದೆ, ನಮ್ಮ ವಿವಾಹ ಕಾನೂನಿನಲ್ಲಿಲ್ಲದ ಕಾರಣಕ್ಕೆ ಗಂಡ ಅಲ್ಲಿ ಪಡೆದ ವಿಚ್ಛೇದನೆ ಇಲ್ಲಿ ನಿಲ್ಲುವುದಿಲ್ಲವೆಂಬುದು 1991ರ ತೀರ್ಪು.

ಆದರೆ ಹೊಸಪೇಟೆಯ ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಅವಳು ತವರಿನ ಹೊಸ್ತಿಲು ದಾಟಬೇಕಲ್ಲ? "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ನಾವು ಇನ್ನೂ ಬಿಟ್ಟಿಲ್ಲ. ಫೋನಿನಲ್ಲಿ ಅಳುವ ಮಗಳಿಗೆ "ಹೊಂದಿಕೊಂಡು ಹೋಗವ್ವ, ಜನ ಏನಂದಾರು" ಎನ್ನುವ ತಾಯಿತಂದೆಯರೇ, ಹೊಡೆಯುವ ಅಳಿಯನ ಜೊತೆಗೆ ನೀವೂ ಬಾಗಿಲು ಮುಚ್ಚುತ್ತಿದ್ದೀರಿ. ಗಂಡುಮಕ್ಕಳಿಗೆ ಪಾಲು ಹಂಚುವಾಗ ಮಗಳಿಗೂ ಒಂದು ಕೋಣೆ ಬರೆದಿಡಿ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅದು ಅವಳ ಹಕ್ಕು, ನಿಮ್ಮ ಭಿಕ್ಷೆಯಲ್ಲ.