ಕಾಣಿಕೆಯೂ ಲೆಕ್ಕದ ಪುಸ್ತಕವೂ



ಹಿಂದಿನ ವರ್ಷ ಪರೀಕ್ಷೆಯ ಶುಲ್ಕವನ್ನು ಕಟ್ಟುವ ವಾರದಲ್ಲಿ ನಡೆದ ಒಂದು ಸಂಗತಿಯು ನಮ್ಮನ್ನು ಬಹುದಿನ ಆಲೋಚನೆಗೆ ಹಚ್ಚಿತು. ಹತ್ತನೆಯ ಇಯತ್ತೆಯ ಒಬ್ಬ ಹುಡುಗಿಯು, ತಂದೆಯು ಶುಲ್ಕಕ್ಕೆಂದು ಕೊಟ್ಟ ಹಣವನ್ನು ಕಚೇರಿಗೆ ಕಟ್ಟದೆ ಗೆಳತಿಯ ಕೈಯಲ್ಲಿಟ್ಟಳು. ಗೆಳತಿಯ ತಾಯಿಯಿಂದ ಸಾಲದ ವಾರದ ಕಂತು ತಪ್ಪಿದ್ದರಿಂದ ವಸೂಲಿಗಾರರು ಬಂದು ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದರು. ನಾವು ಕೇಳಲು ಹುಡುಗಿಯು ಅಳುಕದೆ, "ಅಕ್ಕೋರ, ಆ ವಿಧವಿ ಇದ್ದದ್ದೆಲ್ಲಾ ಕೊಟ್ಲು ಅಂತ ನೀವ ಹೇಳಿದ್ರಲ್ರೀ" ಎಂದಳು.

ಶಿಕ್ಷಕಿಯರಲ್ಲಿ ಕೆಲವರು ಅವಳಿಗೆ ಬಹುಮಾನ ಕೊಡಬೇಕೆಂದರು, ಕೆಲವರು ಶಿಕ್ಷೆ ಎಂದರು. ನಾವು ಎರಡನ್ನೂ ಒಪ್ಪಲಿಲ್ಲ. ವಿಧವೆಯ ಆ ಎರಡು ಕಾಸುಗಳು ಅವಳ ಸ್ವಂತದವು. ಇವಳು ಕೊಟ್ಟದ್ದಾದರೋ ತಂದೆಯ ಬೆವರಿನ ಹಣವು. ಆದರೆ ತಪ್ಪಿನ ದೊಡ್ಡ ಪಾಲು ನಮ್ಮದೇ ಎಂದು ಒಪ್ಪಿಕೊಳ್ಳಲೇಬೇಕು. ಸುಗ್ಗಿಯ ಹಬ್ಬದಲ್ಲಿ ತಂದೆಯು ಬಾಗಿಲಲ್ಲಿ ಕೈಗಿಟ್ಟ ನೋಟನ್ನು ಮಗಳು ತಟ್ಟೆಗೆ ಹಾಕುವಳು. ನಾವು ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಓದುವೆವು. ಅನ್ಯರ ಹಣವನ್ನು ಕೊಟ್ಟು ಹೊಗಳಿಕೆ ಪಡೆಯುವದನ್ನು ವರ್ಷಾನುವರ್ಷ ಕಲಿಸಿದವರು ನಾವೇ ಅಲ್ಲವೇ?

ಕೊಡುವದು ಬೇರೆ, ಲೆಕ್ಕವಿಡುವದು ಬೇರೆ ಎಂಬ ಭಾವನೆಯು ನಮ್ಮ ಸಭೆಗಳಲ್ಲಿ ಆಳವಾಗಿ ಬೇರೂರಿದೆ. ಲೆಕ್ಕ ಹಾಕುವವನು ಜಿಪುಣನು, ಲೆಕ್ಕವಿಲ್ಲದೆ ಕೊಡುವವನು ಭಕ್ತನು! ಹಾಗಾದರೆ ಕರ್ತನು ಐದು ಸಾವಿರ ಜನರಿಗೆ ರೊಟ್ಟಿ ಹಂಚಿದ ಮೇಲೆ ಉಳಿದ ತುಂಡುಗಳನ್ನು ಕೂಡಿಸಲು ಹೇಳಿದ್ದೇಕೆ? ನಮ್ಮ ಎರೆಹೊಲದ ಒಕ್ಕಲಿಗನು ಎಂಥ ಹಸಿವಿನಲ್ಲಿಯೂ ಬೀಜದ ಜೋಳವನ್ನು ಬೀಸುಕಲ್ಲಿಗೆ ಹಾಕುವದಿಲ್ಲ. ಅದನ್ನು ಜಿಪುಣತನವೆಂದು ಯಾರೂ ಅನ್ನರು. ಬರುವ ಸುಗ್ಗಿಯಲ್ಲಿ ಕಣಕ್ಕೆ ಬರುವ ಬಡವರ ಪಾಲೂ ಆ ಬೀಜದಲ್ಲಿಯೇ ಇದೆ. ಇಷ್ಟು ಹೇಳಿದ ಮೇಲೂ ವಿಧವೆಯ ಕಥೆಯು ನಮ್ಮನ್ನು ಚುಚ್ಚುತ್ತಲೇ ಇರುತ್ತದೆ. ಅದರ ಮೊನೆಯನ್ನು ಮೊಂಡು ಮಾಡುವ ಇಚ್ಛೆ ನಮಗಿಲ್ಲ.

ಈ ಮಾತಿಗೆ ಸಾಕ್ಷಿಯಾಗಿ ಜರ್ಮನಿಯ ಒಬ್ಬ ಭಕ್ತನ ಕಥೆಯನ್ನು ನಮ್ಮ ಹುಡುಗಿಯರು ತಿಳಿಯಬೇಕು. 1846-47ರ ಬರದ ಚಳಿಗಾಲದಲ್ಲಿ ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನ್ ಎಂಬವನು ವೈಯರ್‌ಬುಶ್ ಎಂಬ ಹಳ್ಳಿಯ ಅಧಿಕಾರಿಯಾಗಿದ್ದನು. ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದನು. ಆದರೆ ಉಳ್ಳವರ ದಾನವನ್ನೇ ನೆಚ್ಚಿದ ಸಂಘಗಳು ಬಹುಕಾಲ ಬಾಳಲಾರವೆಂದು ಕ್ರಮೇಣ ಅವನಿಗೆ ಅನುಭವವಾಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ನೆರೆಹೊರೆಯವರೇ ಒಬ್ಬರಿಗೊಬ್ಬರು ಹೊಣೆಯಾಗುವ ಸಾಲಸಂಘವನ್ನು ಕಟ್ಟಿದನು. ಅವನ ಪದ್ಧತಿಯಲ್ಲಿ ಸಂಘದ ಎಲ್ಲೆ ಚಿಕ್ಕದು, ಸದಸ್ಯರು ಪರಸ್ಪರ ಬಲ್ಲವರು, ಲೆಕ್ಕ ಬರೆಯುವವನ ಹೊರತು ಪದಾಧಿಕಾರಿಗಳಿಗೆ ಸಂಬಳವಿಲ್ಲ. ನೆರೆಯವನನ್ನು ಪ್ರೀತಿಸಬೇಕೆಂಬ ಕ್ರಿಸ್ತನ ಆಜ್ಞೆಯೇ ಇದಕ್ಕೆ ಆಧಾರವೆಂದು ಅವನು ನಂಬಿದ್ದನು. ಕಣ್ಣು ಮಸುಕಾದ ತಂದೆಗೆ ಓದಿ ಬರೆದು ನೆರವಾದವಳು ಮಗಳು ಅಮಾಲಿಯೆ.

ಮದ್ರಾಸಿನ ಅಧಿಕಾರಿ ನಿಕಲ್ಸನ್ ಸಾಹೇಬನು 1895-97ರ ತನ್ನ ವರದಿಯಲ್ಲಿ ಈ ಮಾರ್ಗವನ್ನೇ ಹೊಗಳಿದನು. 1904ರಲ್ಲಿ ಸಹಕಾರಿ ಸಾಲಸಂಘಗಳ ಕಾಯದೆಯಾಯಿತು. ಮರುವರ್ಷವೇ, ನಮ್ಮ ಅಣ್ಣಿಗೇರಿಗೆ ದೂರವಲ್ಲದ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಗೌಡರು ಕ್ರೈಸ್ತರಲ್ಲ. ಬೀಜವು ಹೊಲದ ಜಾತಿಯನ್ನು ಕೇಳುವದೇ?

ಇಂದು ನವಲಗುಂದ, ಕುಂದಗೋಳ ಸೀಮೆಯ ಹಳ್ಳಿಗಳಲ್ಲಿಯೂ ಐದಾರು ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ಪಡೆಯುತ್ತಾರೆ. ಆದರೆ ಹಣವೂ ಖಾತೆಯೂ ಊರಿನವರದಲ್ಲ. ಬಲಾತ್ಕಾರದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾಯದೆ ಮಾಡಬೇಕಾಯಿತೆಂದರೆ ಸಂಕಟವು ಎಷ್ಟಿರಬೇಕು! ಸಾಲಪತ್ರಕ್ಕೆ ರುಜು ಹಾಕುವವಳು ತಾಯಿ. ಅದನ್ನು ಓದಿ ಹೇಳಬಲ್ಲವಳು ನಮ್ಮಲ್ಲಿ ಕಲಿಯುವ ಮಗಳು. ಆದಕಾರಣ ಗಣಿತದ ತಾಸಿನಲ್ಲಿ ಈ ಲೆಕ್ಕವನ್ನು ಹಾಕಿಸಿದೆವು: 10,000 ರೂಪಾಯಿ ಸಾಲ, ಪೂರ್ಣ ಮೊತ್ತದ ಮೇಲೆ ಶೇಕಡಾ 12 ಬಡ್ಡಿ, ವಾರಕ್ಕೆ 224 ರೂಪಾಯಿಯಂತೆ 50 ಕಂತು. ಅಸಲು ವಾರವಾರವೂ ಇಳಿಯುವದರಿಂದ ನಿಜವಾದ ಬಡ್ಡಿಯು ಶೇಕಡಾ 20ನ್ನು ಮೀರುತ್ತದೆಂದು ಹುಡುಗಿಯರೇ ಕಂಡುಹಿಡಿದು ಬೆರಗಾದರು. ಇಂಥ ಲೆಕ್ಕವು ಪ್ರಾರ್ಥನೆಗೆ ವಿರೋಧವಾದದ್ದಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯವು.

ಆ ಹುಡುಗಿಯ ವಿಷಯವಾದರೋ, ತಂದೆಯ ಮುಂದೆ ಅವಳೇ ನಿಂತು ನಡೆದುದನ್ನು ಹೇಳಿದಳು. ಆತನು ಸಿಟ್ಟಾದನು, ಆಮೇಲೆ ಸುಮ್ಮನಾದನು. ಶುಲ್ಕವನ್ನು ಶಿಕ್ಷಕಿಯರು ಕೈಗಡವಾಗಿ ಕಟ್ಟಿದರು. ಗೆಳತಿಯರಿಬ್ಬರೂ ಕೂಡಿ ಏಳು ಸಲದಲ್ಲಿ ಅದನ್ನು ತೀರಿಸಿದರು. ಅವರೇ ಬರೆದಿಟ್ಟ ಪುಸ್ತಕವು ನಮ್ಮ ಮೇಜಿನ ಮೇಲಿದೆ.

ಈ ವರ್ಷದ ಸುಗ್ಗಿಯ ಹಬ್ಬದಲ್ಲಿ ಹೆಸರುಗಳನ್ನು ಓದುವದಿಲ್ಲ. ಪಾಲಕರು ಮಗಳ ಕೈಗೆ ನೋಟು ಕೊಟ್ಟು ಕಳುಹಿಸದಿರಲಿ. ಅವಳು ತನ್ನ ಪಾಲಿನದರಲ್ಲಿ ಉಳಿಸಿದ ಒಂದು ಹಿಡಿ ಕಡಲೆಯಾದರೂ ಸಾಕು. ಹತ್ತು ವರ್ಷ ತುಂಬಿದವಳು ಅಂಚೆಯ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದಾದ್ದರಿಂದ ಅದನ್ನೂ ತೆರೆಯಿಸಿರಿ. ಬಂದ ಕಾಣಿಕೆಯ ಜಮಾಖರ್ಚನ್ನು ಒಂಬತ್ತನೆಯ ಇಯತ್ತೆಯವರು ಬರೆಯುವರು. ಆರಾಧನೆಯಾದ ಬಳಿಕ ಪುಸ್ತಕವು ವರಾಂಡದ ಮೇಜಿನ ಮೇಲೆ ತೆರೆದಿರುವದು. ಇಚ್ಛೆಯುಳ್ಳವರು ನೋಡಿ ಪ್ರಶ್ನೆ ಕೇಳಬಹುದು.